ಹೊಸ ಫಿಟ್ಸ್ ಗುಳಿಗೆ ಶುರುವಾದ ಮೇಲೆ ಮೈಮೇಲೆ ದದ್ದು: ಇದು ಬೆವರುಸಾಲೆಯಾ, ಅಮ್ಮನಾ, ಗುಳಿಗೆಯದ್ದಾ?

ಗಂಗಾವತಿ ಅಕ್ಕ | ಏಪ್ರಿಲ್ 22, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ನನ್ನ ತಂಗಿಗೆ 19 ವರ್ಷ. ಏಳು ವರ್ಷದಿಂದ ಫಿಟ್ಸ್ ಇದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ಜಾಡಿಸಿದ ಹಾಗಾಗಿ ಚಹಾ ಲೋಟ ಹಾರಿ ಬೀಳುತ್ತಿತ್ತು. ವಾಲ್ಪ್ರೋಯೇಟ್ ಗುಳಿಗೆಯಲ್ಲಿ ಎಲ್ಲ ಹತೋಟಿಯಲ್ಲಿತ್ತು. ಈಗ ಮದುವೆ ಮಾತು ನಡೆದಿದೆ. ಮುಂದೆ ಬಸಿರಾದಾಗ ಆ ಗುಳಿಗೆಯಿಂದ ಮಗುವಿಗೆ ತೊಂದರೆ ಆಗಬಹುದು ಅಂತ ಡಾಕ್ಟರ್ ಲ್ಯಾಮೊಟ್ರಿಜಿನ್ ಅನ್ನೋ ಹೊಸ ಗುಳಿಗೆ ಸೇರಿಸಿದರು. ಇದು ಹೊಂದಿಕೊಂಡ ಮೇಲೆ ಹಳೆಯದನ್ನು ನಿಧಾನಕ್ಕೆ ಇಳಿಸೋಣ ಅಂದರು.

ಮೂರು ದಿನದಿಂದ ಕುತ್ತಿಗೆ, ಎದೆ, ಬೆನ್ನಿನ ಮೇಲೆ ದದ್ದು. ನಮ್ಮ ಕಡೆ ಈ ತಿಂಗಳ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬೆವರುಸಾಲೆ ಇರಬೇಕು ಅಂತ ಪೌಡರ್ ಹಾಕಿದೆವು. ನಿನ್ನೆ ಜ್ವರ ಬಂತು. ಎದುರು ಮನೆ ಅಜ್ಜಿ ನೋಡಿ, "ಅಮ್ಮ ಬಂದಾಳವ್ವ, ದವಾಖಾನಿ ಬ್ಯಾಡ, ಬೇವಿನ ತಪ್ಪಲ ಹಾಸಿ ಮಲಗಸ್ರಿ" ಅಂದರು. ಅವ್ವ ಹಾಗೇ ಮಾಡಿದ್ದಾಳೆ. ಇವತ್ತು ಸಂಜೆಯಿಂದ ಕಣ್ಣು ಉರಿ ಅಂತಿದ್ದಾಳೆ. ತುಟಿ ಒಳಗೆ ಬೆಳ್ಳಗಾಗಿದೆ. ರೊಟ್ಟಿ ಇರಲಿ, ಮಜ್ಜಿಗೆ ಕುಡಿದರೂ ಕಣ್ಣಲ್ಲಿ ನೀರು ಬರುತ್ತದೆ.

9 ಗಂಟೆಗೆ ಗುಳಿಗೆ ಕೊಡುವ ಹೊತ್ತು. ಕೊಡಲೋ ಬೇಡವೋ?

ಸಿರುಗುಪ್ಪದ ಸಿಸ್ಟರ್ | ರಾತ್ರಿ 8:46

ತಂಗಿ, ಲ್ಯಾಮೊಟ್ರಿಜಿನ್ ಕೊಡಬೇಡಿ. ಈಗಲೇ ದೊಡ್ಡ ದವಾಖಾನೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ನಿಮಗೆ ಕೊಪ್ಪಳ ಕಿಮ್ಸ್ ಹತ್ತಿರ. ಬಳ್ಳಾರಿ ಕಡೆ ಇದ್ದವರಿಗೆ ಹಳೆ ವಿಮ್ಸ್, ರಾಯಚೂರು ಕಡೆಯವರಿಗೆ ರಿಮ್ಸ್. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಹಳೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಜೊತೆಗೆ ತಗೊಂಡು ಹೋಗಿ, ಅಲ್ಲಿನ ಡಾಕ್ಟರನ್ನು ಕೇಳಿಯೇ ಕೊಡಿ.

ಹೊರಡುವಾಗಲೇ ಇಷ್ಟು ಹೇಳಿ. ಹೊಸ ಗುಳಿಗೆ ಶುರು ಮಾಡಿದ ತಾರೀಖು ಯಾವುದು? ದಿನಕ್ಕೆ ಎಷ್ಟು ಕೊಟ್ಟಿರಿ? ಮೈ ತುರಿಸುತ್ತದಾ, ಅಥವಾ ಮುಟ್ಟಿದರೆ ನೋಯುತ್ತದಾ? ಮೂತ್ರ ಮಾಡುವಾಗ ಉರಿ ಇದೆಯಾ? ಎಲ್ಲಾದರೂ ನೀರು ತುಂಬಿದ ಗುಳ್ಳೆ ಎದ್ದಿವೆಯಾ?

ಮಾನ್ವಿ ಮಾವ | ರಾತ್ರಿ 8:52

ತಂಗೆವ್ವ, ಗಾಬರಿ ಬೀಳಬೇಡ. ಬೇಸಿಗೆಯಲ್ಲಿ ನಮ್ಮ ಊರಲ್ಲೂ ಮನೆಗೊಬ್ಬರಿಗೆ ಅಮ್ಮ ಆಗುತ್ತದೆ. ಜ್ವರ, ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಎಲ್ಲ ಅದರಲ್ಲೂ ಇರುತ್ತವೆ. ಎರಡು ದಿನ ನೋಡಬಹುದಲ್ವಾ?

ಸಿರುಗುಪ್ಪದ ಸಿಸ್ಟರ್ | ರಾತ್ರಿ 8:55

ಮಾವನವರೇ, ನೀವು ಒಳ್ಳೆ ಮನಸ್ಸಿಂದಲೇ ಹೇಳುತ್ತಿದ್ದೀರಿ. ಆದರೆ ಹೊಸ ಫಿಟ್ಸ್ ಗುಳಿಗೆ ಶುರುವಾದ ಮೊದಲ ಎರಡು ತಿಂಗಳಲ್ಲಿ ದದ್ದು ಎದ್ದರೆ ಮೊದಲ ಅನುಮಾನ ಗುಳಿಗೆ ಮೇಲೆಯೇ ಹೋಗಬೇಕು. ಅಮ್ಮನೇ ಆಗಿದ್ದರೂ ದವಾಖಾನೆಗೆ ಹೋಗಿ ಬಂದರೆ ಏನೂ ನಷ್ಟ ಇಲ್ಲ. ಗುಳಿಗೆಯದ್ದನ್ನು ಅಮ್ಮ ಅಂದುಕೊಂಡು ಎರಡು ದಿನ ಗುಳಿಗೆ ನುಂಗಿಸಿದರೆ ಜೀವಕ್ಕೆ ಬರುತ್ತದೆ. ನಾನು 24 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬೇವಿನ ಎಲೆ ಹಸಿ ತೊಗಲಿಗೆ ಅಂಟಿಕೊಂಡು ಬಂದವರನ್ನು ನನ್ನ ಕೈಯಾರೆ ತೊಳೆದಿದ್ದೇನೆ.

ಮಾನ್ವಿ ಮಾವ | ರಾತ್ರಿ 8:58

ಹಾಗಾದರೆ ಹೊರಡಿ ತಾಯಿ. ನನ್ನ ಮಾತು ಬಿಡಿ.

ಗಂಗಾವತಿ ಅಕ್ಕ | ರಾತ್ರಿ 9:04

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ನೋಡಿದೆ. ಏಪ್ರಿಲ್ 5ರ ಮನೆಯಲ್ಲಿ "ಅರ್ಧ ಲೀಟರ್, ಹೊಸ ಗುಳಿಗೆ" ಅಂತ ಅಪ್ಪ ಬರೆದಿದ್ದಾರೆ. ಇವತ್ತಿಗೆ ಹದಿನೆಂಟನೇ ದಿನ.

ಎಷ್ಟು ಕೊಟ್ಟಿದ್ದಾರೆ ಅಂತ ಈಗ ಅವ್ವನನ್ನು ಕೇಳಿದೆ. ಚೀಟಿಯಲ್ಲಿ ಲ್ಯಾಮೊಟ್ರಿಜಿನ್ 25, ದಿನ ಬಿಟ್ಟು ದಿನ ಒಂದು ಅಂತ ಇದೆ. ಹಳೆ ಗುಳಿಗೆ ಎರಡು ಹೊತ್ತು ಇದೆಯಲ್ಲ, ಅದರ ಜೊತೆಗೇ ಇದನ್ನೂ ಎರಡು ಹೊತ್ತು ಕೊಟ್ಟುಬಿಟ್ಟಿದ್ದಾಳೆ. ದಿನಕ್ಕೆ ಎರಡು.

ತುರಿಕೆ ಕಡಿಮೆ, ನೋವು ಜಾಸ್ತಿ ಅಂತಾಳೆ. ಮೂತ್ರ ಉರಿ ಇದೆ, ನಾಚಿಕೆಗೆ ಹೇಳಿರಲಿಲ್ಲ. ಭುಜದ ಹಿಂದೆ ಎರಡು ಗುಳ್ಳೆ ಕಾಣುತ್ತಿವೆ. ಪಕ್ಕದ ಮನೆಯವರ ಗಾಡಿ ಬಂತು.

ಔಷಧಿ ಅಂಗಡಿ, ಕೊಪ್ಪಳ | ರಾತ್ರಿ 9:07

ಎಲ್ಲ ಗುಳಿಗೆ ಸ್ಟ್ರಿಪ್, ಖಾಲಿ ಆಗಿರುವುದೂ ಸೇರಿ, ಚೀಟಿ, ಹಳೆ ಫೈಲ್ ತಗೊಳ್ಳಿ. ಆ ಕ್ಯಾಲೆಂಡರ್ ಹಾಳೆಯ ಫೋಟೋ ಹೊಡೆದುಕೊಳ್ಳಿ. ಮೈಗೆ ಮುಲಾಮು, ಅರಿಶಿನ ಏನೂ ಹಚ್ಚಬೇಡಿ. ಹಳೆ ಮೆತ್ತನೆ ಹತ್ತಿ ಬಟ್ಟೆ ಸಾಕು. ದಾರಿಯಲ್ಲಿ ಯಾವ ಕ್ಲಿನಿಕ್ಕಿನಲ್ಲೂ ನಿಂತು ಸೂಜಿ ಹಾಕಿಸಬೇಡಿ. ಜ್ವರಕ್ಕೆ ಅಂತ ಮನೆಯಲ್ಲಿ ಬೇರೆ ಏನಾದರೂ ಗುಳಿಗೆ ಕೊಟ್ಟಿದ್ದರೆ ಅದರ ಹೆಸರೂ ಹೇಳಿ.

ಸಿರುಗುಪ್ಪದ ಸಿಸ್ಟರ್ | ರಾತ್ರಿ 9:09

ದಾರಿಯಲ್ಲಿ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರು, ಚಮಚ, ಕೈಗೆ ಕಬ್ಬಿಣ ಯಾವುದೂ ಬೇಡ. ಹೊತ್ತು ನೋಡಿಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ ಮೊದಲ ಮಾತು ಇದೇ ಇರಲಿ: "ಫಿಟ್ಸ್ ಗುಳಿಗೆ ಶುರು ಮಾಡಿ 18 ದಿನ, ಈಗ ದದ್ದು, ಜ್ವರ, ಬಾಯಿ ಹುಣ್ಣು, ಕಣ್ಣು ಉರಿ."

ಗಂಗಾವತಿ ಅಕ್ಕ | ಏಪ್ರಿಲ್ 23, ಬೆಳಿಗ್ಗೆ 11:15

ಅಡ್ಮಿಟ್ ಆಗಿದೆ. ರಾತ್ರಿಯೇ ಲ್ಯಾಮೊಟ್ರಿಜಿನ್ ನಿಲ್ಲಿಸಿದರು. ಫಿಟ್ಸ್ ಬರದ ಹಾಗೆ ಲೆವೆಟಿರಾಸಿಟಮ್ ಶುರು ಮಾಡಿದ್ದಾರೆ. ಲಿವರ್, ಕಿಡ್ನಿ ರಕ್ತ ಪರೀಕ್ಷೆ ಆಯಿತು. ಚರ್ಮದ ಡಾಕ್ಟರ್, ಕಣ್ಣಿನ ಡಾಕ್ಟರ್ ಇಬ್ಬರೂ ಬಂದು ನೋಡಿದರು. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅಂದರು.

ಚರ್ಮದ ಡಾಕ್ಟರಮ್ಮ ತಂಗಿಯ ಕೈಯನ್ನೇ ಅಳತೆಗೆ ಇಟ್ಟುಕೊಂಡರು. ಬೆರಳೂ ಸೇರಿ ಅವಳ ಒಂದು ಅಂಗೈ ಅಂದರೆ ಮೈಯ ನೂರರಲ್ಲಿ ಸುಮಾರು ಒಂದು ಪಾಲು. ತೊಗಲು ಬಿಡುತ್ತಿರುವ ಜಾಗ ಆರು ಅಂಗೈ ಆಗುತ್ತದೆ ಅಂತ ಬರೆದುಕೊಂಡರು. ಹತ್ತರ ಒಳಗಿದ್ದರೆ ಈ ಹೆಸರು, ಮೂವತ್ತು ದಾಟಿದರೆ ಬೇರೆ ಹೆಸರು, ಆಗ ಉಳಿಸಿಕೊಳ್ಳೋದು ಬಹಳ ಕಷ್ಟ ಅಂದರು.

ಇನ್ನೊಂದು ವಿಷಯ ನಿನ್ನೆ ಬರೆದಿರಲಿಲ್ಲ. ಮೊನ್ನೆ ನಮ್ಮ ಓಣಿಯ ಕ್ಲಿನಿಕ್ಕಿಗೆ ಹೋಗಿದ್ದೆವು. ಡಾಕ್ಟರ್ ಸರಿಯಾಗಿಯೇ ಕೇಳಿದರು, "ದಿನಾ ಏನಾದರೂ ಗುಳಿಗೆ ತಗೋತಾಳಾ?" ಅಂತ. ಹೊರಗೆ ಬೆಂಚಿನ ಮೇಲೆ ಗಂಡಿನ ಕಡೆಯ ಅತ್ತೆ ಒಬ್ಬರು ಕೂತಿದ್ದರು. ಅವ್ವ "ಏನೂ ಇಲ್ರೀ" ಅಂದುಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಸುಮ್ನೆ ನಿಂತೆ. ಗೊತ್ತಿಲ್ಲದ ಮೇಲೆ ಆ ಡಾಕ್ಟರ್ ಆದರೂ ಏನು ಮಾಡುತ್ತಾರೆ? ತುರಿಕೆಗೆ ಒಂದು ಗುಳಿಗೆ ಬರೆದು ಕಳಿಸಿದರು. ರಾತ್ರಿಯೆಲ್ಲ ಆ ಬೆಂಚೇ ಕಣ್ಣ ಮುಂದೆ ಬರುತ್ತಿದೆ.

ಸಿಂಧನೂರು ಮೇಷ್ಟ್ರು | ಏಪ್ರಿಲ್ 23, ಮಧ್ಯಾಹ್ನ 1:30

ನೀವು ಅದನ್ನು ಬರೆದದ್ದು ಒಳ್ಳೆಯದಾಯಿತು ತಂಗಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫಿಟ್ಸ್ ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. ಶಾಲೆಗೆ ಹೇಳಲ್ಲ, ಬೀಗರಿಗೆ ಹೇಳಲ್ಲ, ಕೊನೆಗೆ ಡಾಕ್ಟರಿಗೂ ಹೇಳಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಮೂರ್ಛೆ ರೋಗ ಇದ್ದವರ ಮದುವೆಗೆ ಅಡ್ಡಿಯ ಮಾತು ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕಾಯ್ದೆಯಿಂದ ಹೋಗಿ ಇಷ್ಟು ವರ್ಷ ಆಯಿತು, ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ.

ಔಷಧಿ ಅಂಗಡಿ, ಕೊಪ್ಪಳ | ಏಪ್ರಿಲ್ 23, ಸಂಜೆ 6:20

ಯಾಕೆ ಹೀಗಾಯಿತು ಅಂತ ಕೆಲವರು ಕೇಳಿದ್ದೀರಿ.

ಲ್ಯಾಮೊಟ್ರಿಜಿನ್ ಒಳ್ಳೆಯ ಗುಳಿಗೆ. ಬಸಿರಿನ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್ಪ್ರೋಯೇಟ್‌ಗಿಂತ ಎಷ್ಟೋ ಮೇಲು. ಆದರೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಒಮ್ಮೆಲೇ ಜಾಸ್ತಿ ಹೋದರೆ ದದ್ದಿನ ಅಪಾಯ ಏರುತ್ತದೆ. ವಾಲ್ಪ್ರೋಯೇಟ್ ಜೊತೆಗಿದ್ದರೆ ಇನ್ನೂ ಹುಷಾರಾಗಿರಬೇಕು. ವಾಲ್ಪ್ರೋಯೇಟ್ ಲಿವರಿನಲ್ಲಿ ಇದು ಕರಗಿ ಹೋಗುವುದನ್ನು ತಡೆಯುತ್ತದೆ. ಅಷ್ಟೇ ಗುಳಿಗೆ ನುಂಗಿದರೂ ರಕ್ತದಲ್ಲಿ ಸುಮಾರು ಎರಡು ಪಟ್ಟು ನಿಲ್ಲುತ್ತದೆ. ಅದಕ್ಕೇ ಆ ಚೀಟಿಯಲ್ಲಿ ದಿನ ಬಿಟ್ಟು ದಿನ 25 ಅಂತ ಇದ್ದದ್ದು. ದೊಡ್ಡವರಿಗೆ ಮೊದಲ ಎರಡು ವಾರ ಹಾಗೆ, ಮುಂದಿನ ಎರಡು ವಾರ ದಿನಕ್ಕೆ 25, ಆಮೇಲೆ ಮುಂದಿನ ಮೆಟ್ಟಿಲು. ದಿನಕ್ಕೆ ಎರಡು ಕೊಟ್ಟರೆ ನಾಲ್ಕು ಪಟ್ಟು ಆಯಿತು.

ಇದು ಅವ್ವನ ತಪ್ಪು ಅಂತ ನಾನು ಹೇಳಲ್ಲ. ದಿನ ಬಿಟ್ಟು ದಿನ ಅನ್ನೋ ಲೆಕ್ಕ ಯಾರಿಗಾದರೂ ತಪ್ಪುತ್ತದೆ. ನನ್ನ ಅಂಗಡಿಯಲ್ಲಿ ಇನ್ನು ಮುಂದೆ ಈ ಗುಳಿಗೆ ಕೊಡುವಾಗ ಕವರ್ ಮೇಲೆ ಸೋಮ, ಬುಧ, ಶುಕ್ರ, ಭಾನು ಅಂತ ವಾರವನ್ನೇ ಬರೆದುಕೊಡುತ್ತೇನೆ. ಮುಂದಿನ ವಾರಕ್ಕೆ ಮತ್ತೆ ಬೇರೆ ಬರೆದುಕೊಡಬೇಕಾಗುತ್ತದೆ, ಬರೆಯುತ್ತೇನೆ.

ಊರಿಗೆ ಹೋದಾಗ ಮರೆತು ಐದಾರು ದಿನ ಬಿಟ್ಟುಹೋಗಿದ್ದರೆ ಮತ್ತೆ ಹಳೆ ಡೋಸಿನಿಂದಲೇ ಶುರು ಮಾಡಬೇಡಿ. ಡಾಕ್ಟರಿಗೆ ಫೋನ್ ಮಾಡಿ. ಬಹಳ ಸಲ ಮೊದಲ ಮೆಟ್ಟಿಲಿನಿಂದಲೇ ಏರಬೇಕಾಗುತ್ತದೆ.

ಗಂಗಾವತಿ ಅಕ್ಕ | ಏಪ್ರಿಲ್ 25, ರಾತ್ರಿ 10:05

ನಿಲ್ಲಿಸಿ ಮೂರು ದಿನ ಆದರೂ ಹೊಸ ಜಾಗದಲ್ಲಿ ದದ್ದು ಎದ್ದಿತು. ಅವ್ವ ಹೆದರಿ ಅತ್ತಳು. ಎರಡೂ ಗುಳಿಗೆ ಜೊತೆಗಿದ್ದರೆ ಈ ಔಷಧಿ ಮೈಯಿಂದ ಅರ್ಧ ಇಳಿಯೋದಕ್ಕೇ ಎರಡೂವರೆ ದಿನ ಬೇಕು, ಒಂದೆರಡು ದಿನ ಹೀಗೇ ಇರುತ್ತದೆ ಅಂತ ಡಾಕ್ಟರ್ ಕೂತು ವಿವರಿಸಿದರು. ತುಟಿ ಮೇಲೆ ರಕ್ತ ಹೆಪ್ಪುಗಟ್ಟಿ ಕಪ್ಪಗೆ ಪೊರೆ ಕಟ್ಟಿದೆ. ಸ್ಟ್ರಾ ಇಟ್ಟು ತಣ್ಣನೆ ಗಂಜಿ ನೀರು ಕುಡಿಸುತ್ತಿದ್ದೇನೆ. ಎರಡು ತಾಸಿಗೊಮ್ಮೆ ಕಣ್ಣಿಗೆ ಹನಿ.

ಹಟ್ಟಿ ಅಣ್ಣ | ಏಪ್ರಿಲ್ 26, ಬೆಳಿಗ್ಗೆ 7:10

ಇದನ್ನು ಓದಿ ಹೆದರಿ ಯಾರೂ ತಾವಾಗಿಯೇ ಫಿಟ್ಸ್ ಗುಳಿಗೆ ಬಿಡಬೇಡಿ. ಆ ತಪ್ಪು ನಾನು ಮಾಡಿದ್ದೆ.

ನನಗೆ ಕಾರ್ಬಮಜೆಪಿನ್ ಮತ್ತು ಕ್ಲೋಬಜಾಮ್ ಎರಡೂ ನಡೆದಿದ್ದವು. ತೋಳಿನ ಮೇಲೆ ದದ್ದು ಬಂತು. ಎಲ್ಲ ಗುಳಿಗೆಯೂ ಉಷ್ಣ ಅಂತ ಯಾರೋ ಅಂದರು. ಎರಡನ್ನೂ ಒಂದೇ ದಿನ ಬಿಟ್ಟು ಎಳನೀರು ಕುಡಿಯುತ್ತಾ ಕೂತೆ. ನಾಲ್ಕನೇ ದಿನ ಫಿಟ್ಸ್ ಶುರುವಾಗಿ ಒಂದರ ಹಿಂದೆ ಒಂದು ಬಂತು, ನಡುವೆ ಎಚ್ಚರ ಆಗಲಿಲ್ಲ. ಐಸಿಯುನಲ್ಲಿ ಕಣ್ಣು ಬಿಟ್ಟಾಗ ಹೆಂಡತಿಯ ಗುರುತು ಹತ್ತಲಿಲ್ಲ, ಅರ್ಧ ದಿನ ಬೇಕಾಯಿತು. ದದ್ದು ನೋಡಿದರೆ ಸಾದಾ ದದ್ದು ಅಂತ ಆಮೇಲೆ ಗೊತ್ತಾಯಿತು. ಅವತ್ತೇ ಡಾಕ್ಟರಿಗೆ ತೋರಿಸಿದ್ದರೆ ಒಂದನ್ನು ನಿಲ್ಲಿಸಿ ಅದರ ಜಾಗಕ್ಕೆ ಬೇರೆ ಕೊಡುತ್ತಿದ್ದರು.

ಸಂಡೂರು ಹುಡುಗಿ | ಏಪ್ರಿಲ್ 26, ಬೆಳಿಗ್ಗೆ 9:40

ಹಾಗಾದರೆ ಸಾದಾ ದದ್ದು, ಅಪಾಯದ ದದ್ದು ಗುರುತಿಸೋದು ಹೇಗೆ? ನನ್ನ ತಮ್ಮನಿಗೂ ಗುಳಿಗೆ ಶುರು ಮಾಡಬೇಕು ಅಂದಿದ್ದಾರೆ. ಗೂಗಲ್ ಫೋಟೋದಲ್ಲಿ ಎಲ್ಲ ಕೆಂಪು ಕೆಂಪು ಇರುತ್ತದೆ. ನಮ್ಮ ತಮ್ಮ ಕಪ್ಪು.

ಸಿರುಗುಪ್ಪದ ಸಿಸ್ಟರ್ | ಏಪ್ರಿಲ್ 26, ಮಧ್ಯಾಹ್ನ 3:15

ಬಹಳ ಸರಿಯಾದ ಪ್ರಶ್ನೆ ಕೇಳಿದಿರಿ. ನಮ್ಮ ಮೈಬಣ್ಣದಲ್ಲಿ ಕೆಂಪು ಹುಡುಕಿದರೆ ಸಿಗಲ್ಲ. ಸುತ್ತಲಿನ ತೊಗಲಿಗಿಂತ ಕಡು ಕಂದು, ನೇರಳೆ, ಬೂದು ಬಣ್ಣದ ಕಲೆ ಕಾಣುತ್ತದೆ. ಹಗಲು ಬೆಳಕಿನಲ್ಲಿ ಬಾಗಿಲ ಹತ್ತಿರ ನಿಲ್ಲಿಸಿ ನೋಡಿ. ಟ್ಯೂಬ್‌ಲೈಟಿನಲ್ಲಿ ತಪ್ಪಿಹೋಗುತ್ತದೆ. ಕೈಯಾಡಿಸಿ ನೋಡಿದರೂ ಉಬ್ಬು ತಗ್ಗು ಗೊತ್ತಾಗುತ್ತದೆ.

ಸಾದಾ ದದ್ದು ಸಣ್ಣ ಸಣ್ಣದಾಗಿ ಎದೆ, ಬೆನ್ನಿನಿಂದ ಶುರುವಾಗುತ್ತದೆ. ತುರಿಕೆ ಇರುತ್ತದೆ. ಜ್ವರ ಇರಲ್ಲ, ಬಾಯಿ, ಕಣ್ಣು ಚೆನ್ನಾಗಿರುತ್ತವೆ, ಮನುಷ್ಯ ಉಂಡು ಓಡಾಡಿಕೊಂಡಿರುತ್ತಾನೆ. ಇದನ್ನೂ ಮುಂದಿನ ಗುಳಿಗೆ ಹೊತ್ತಿನ ಒಳಗೆ ಡಾಕ್ಟರಿಗೆ ತೋರಿಸಲೇಬೇಕು. ಇವತ್ತು ಸಾದಾ ಇದ್ದದ್ದು ನಾಡಿದ್ದು ಸಾದಾ ಇರುತ್ತದೆ ಅಂತ ಗ್ಯಾರಂಟಿ ಇಲ್ಲ.

ಅಪಾಯದ್ದು ಬಹಳ ಸಲ ದದ್ದಿಗಿಂತ ಮುಂಚೆಯೇ ಸುಳಿವು ಕೊಡುತ್ತದೆ. ಜ್ವರ, ಗಂಟಲು ನೋವು, ಕಣ್ಣು ಉರಿ, ಮೈಕೈ ನೋವು. ಜನ ಶೀತ ಅಂದುಕೊಳ್ಳುತ್ತಾರೆ. ಆಮೇಲೆ ಕಲೆ ಏಳುತ್ತದೆ, ಕೆಲವು ನಡುವೆ ಕಪ್ಪಗೆ ಸುತ್ತ ತಿಳಿಯಾಗಿ ಕಣ್ಣಿನ ಗುಡ್ಡೆ ಹಾಗೆ ಕಾಣುತ್ತವೆ. ಮುಟ್ಟಿದರೆ ನೋವು. ಬಾಯಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣು. ಗುಳ್ಳೆ ಏಳುತ್ತದೆ, ತೊಗಲು ಒದ್ದೆ ಕಾಗದದ ಹಾಗೆ ಜಾರುತ್ತದೆ. ಜಾರುತ್ತದಾ ಅಂತ ಮನೆಯಲ್ಲಿ ಉಜ್ಜಿ ನೋಡಲು ಹೋಗಬೇಡಿ.

ಇನ್ನೊಂದು ಬಗೆ ಇದೆ, ಅದರಲ್ಲಿ ತೊಗಲು ಅಷ್ಟು ಕೀಳಲ್ಲ. ಎರಡರಿಂದ ಎಂಟು ವಾರದ ನಡುವೆ ಜ್ವರ, ಮುಖ ಊದುವುದು, ಕುತ್ತಿಗೆಯಲ್ಲಿ ಗಡ್ಡೆ ಸಿಗುವುದು, ಕಣ್ಣು ಹಳದಿಯಾಗುವುದು. ಒಳಗೆ ಲಿವರಿಗೆ ಪೆಟ್ಟು ಬಿದ್ದಿರುತ್ತದೆ. ಕಾಮಾಲೆ ಅಂತ ನಾಟಿ ಔಷಧಿ ಹಾಕಿಸಲು ಓಡುತ್ತಾರೆ. ಮುಖ ಊದಿದ್ದು ಕಂಡರೆ ದದ್ದು ಎಷ್ಟಿದೆ ಅಂತ ಎಣಿಸುತ್ತಾ ಕೂಡಬೇಡಿ.

ಔಷಧಿ ಅಂಗಡಿ, ಕೊಪ್ಪಳ | ಏಪ್ರಿಲ್ 26, ರಾತ್ರಿ 9:50

ಸಿಸ್ಟರ್ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೊಟ್ರಿಜಿನ್ ಇವೆಲ್ಲ ರಚನೆಯಲ್ಲಿ ಒಂದೇ ಬಳಗ. ಒಂದಕ್ಕೆ ಮೈ ತಿರುಗಿಬಿದ್ದರೆ ಇನ್ನೊಂದಕ್ಕೂ ತಿರುಗಿಬೀಳುವ ಸಾಧ್ಯತೆ ಜಾಸ್ತಿ. ಲೆವೆಟಿರಾಸಿಟಮ್, ವಾಲ್ಪ್ರೋಯೇಟ್, ಕ್ಲೋಬಜಾಮ್ ಆ ಬಳಗದವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಹೆಚ್ಚಾಗಿ ಫೆನಿಟಾಯಿನ್, ಫಿನೋಬಾರ್ಬಿಟೋನ್. ಅಲ್ಲಿ ಹಳೆ ದದ್ದಿನ ಸುದ್ದಿ ಹೇಳದೆ ಗುಳಿಗೆ ತಗೊಂಡರೆ ಮತ್ತೆ ಅದೇ ಗುಂಡಿಗೆ ಬಿದ್ದ ಹಾಗೆ.

ಕಾರ್ಬಮಜೆಪಿನ್ ಶುರು ಮಾಡುವ ಮುಂಚೆ ಮಾಡಿಸುವ ಒಂದು ರಕ್ತ ಪರೀಕ್ಷೆಯೂ ಇದೆ. ಎಚ್ಎಲ್ಎ-ಬಿ 1502 ಅನ್ನೋ ಗುರುತು ಇದ್ದವರಿಗೆ ಈ ಗುಳಿಗೆಯಿಂದ ಸ್ಟೀವನ್ಸ್ ಜಾನ್ಸನ್ ಬರುವುದು ಜಾಸ್ತಿ ಅಂತ 2004ರಲ್ಲಿ ತೈವಾನಿನವರು ಕಂಡುಹಿಡಿದರು. 2007ರಲ್ಲಿ ಅಮೆರಿಕದ ಔಷಧ ಇಲಾಖೆ ಏಷ್ಯಾ ಮೂಲದವರಿಗೆ ಮೊದಲು ಈ ಪರೀಕ್ಷೆ ಮಾಡಿಸಿ ಅಂದಿತು. ನಮ್ಮ ದೇಶದ ರೋಗಿಗಳಲ್ಲೂ ಈ ನಂಟು ಕಂಡಿದೆ. ಮಾಡಿಸಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಗುರುತು ಇಲ್ಲ ಅಂತ ಬಂದರೂ ದದ್ದು ನೋಡುವುದನ್ನು ಬಿಡಬೇಡಿ.

ಗಂಗಾವತಿ ಅಕ್ಕ | ಮೇ 6, ಸಂಜೆ 5:30

ನಿನ್ನೆ ಮನೆಗೆ ಬಂದೆವು. ಒಟ್ಟು 13 ದಿನ. ಬೆನ್ನಿನ ಹಳೆ ತೊಗಲು ಈರುಳ್ಳಿ ಸಿಪ್ಪೆಯ ಹಾಗೆ ಬಿಡುತ್ತಿದೆ, ಕೆಳಗೆ ಹೊಸದು ಬಂದಿದೆ. ಕಣ್ಣು ಒಣಗಿದ ಹಾಗೆ ಆಗುತ್ತದೆ, ಬಿಸಿಲಿಗೆ ತೆರೆಯಲಾಗಲ್ಲ. ತೊಗಲು ವಾಸಿಯಾದರೂ ಕಣ್ಣಿನ ತೊಂದರೆ ವರ್ಷಗಟ್ಟಲೆ ಉಳಿಯಬಹುದು, ತೋರಿಸುವುದನ್ನು ತಪ್ಪಿಸಬೇಡಿ ಅಂದಿದ್ದಾರೆ. ಫೈಲ್ ಮೇಲೆ ಕೆಂಪು ಶಾಯಿಯಲ್ಲಿ ಆ ಬಳಗದ ಐದೂ ಹೆಸರು ಬರೆದುಕೊಟ್ಟರು. ಅದೇ ಚೀಟಿಯನ್ನು ನಕಲು ಮಾಡಿ ಅವಳ ಪರ್ಸಿನಲ್ಲಿ, ಅಪ್ಪನ ಅಂಗಿ ಜೇಬಿನಲ್ಲಿ ಇಟ್ಟಿದ್ದೇನೆ.

ಔಷಧಿಯಿಂದ ಹೀಗಾಯಿತು ಅಂತ ಸರ್ಕಾರಕ್ಕೆ ವರದಿ ಕಳಿಸುವ ಫಾರ್ಮ್ ಇದೆಯಂತೆ, ಡಾಕ್ಟರಮ್ಮ ತುಂಬಿದರು. ರೋಗಿಯ ಮನೆಯವರೂ ಕಳಿಸಬಹುದು, ಕನ್ನಡದಲ್ಲೂ ಫಾರ್ಮ್ ಸಿಗುತ್ತದೆ, 1800 180 3024ಕ್ಕೆ ಪುಕ್ಕಟೆ ಫೋನ್ ಮಾಡಿ ಹೇಳಬಹುದು ಅಂದರು.

ಹೊಸ ಗುಳಿಗೆಯಲ್ಲಿ ಫಿಟ್ಸ್ ಬಂದಿಲ್ಲ. ಸಿಟ್ಟು ಜಾಸ್ತಿ ಆಗಿದೆ. ಲೆವೆಟಿರಾಸಿಟಮ್‌ನಲ್ಲಿ ಕೆಲವರಿಗೆ ಹಾಗಾಗುತ್ತದೆ, ಹೆಚ್ಚಾದರೆ ಹೇಳಿ ಅಂದಿದ್ದಾರೆ. ಗಂಡಿನ ಮನೆಗೆ ಅಪ್ಪ ಹೋಗಿ ಎಲ್ಲ ಹೇಳಿ ಬಂದರು. ಅವರು ಇನ್ನೂ ಏನೂ ಅಂದಿಲ್ಲ.

ಗಂಗಾವತಿ ಅಕ್ಕ | ಮೇ 9, ಬೆಳಿಗ್ಗೆ 10:20

ಅಕ್ಕನ ಫೋನಿನಲ್ಲಿ ನಾನು ತಂಗಿ ಬರೆಯುತ್ತಿದ್ದೇನೆ. ಎಲ್ಲ ಓದಿದೆ.

ಒಂದು ಮಾತು ಹೇಳಬೇಕು. ಮೊದಲ ದಿನವೇ ನನಗೆ ಇದು ಬೆವರುಸಾಲೆ ಅಲ್ಲ ಅಂತ ಅನಿಸಿತ್ತು. ಬೆವರುಸಾಲೆ ಚುಚ್ಚುತ್ತದೆ, ತಣ್ಣೀರು ಹಾಕಿಕೊಂಡರೆ ಹಾಯ್ ಅನಿಸುತ್ತದೆ. ಇದಕ್ಕೆ ನೀರು ಬಿದ್ದರೆ ಸುಟ್ಟ ಗಾಯಕ್ಕೆ ಬಿದ್ದ ಹಾಗೆ ಆಗುತ್ತಿತ್ತು. ದುಪಟ್ಟಾ ತಾಗಿದರೂ ಆಗುತ್ತಿರಲಿಲ್ಲ. ಎಲ್ಲರೂ ಉಷ್ಣ ಅಂದರು, ನಾನೂ ಹೂಂ ಅಂದೆ. ಮನೆಯಲ್ಲಿ ಹುಷಾರಿಲ್ಲದವರು "ಇದು ಯಾಕೋ ಬೇರೆ ಥರ ಇದೆ" ಅಂದರೆ ದಯವಿಟ್ಟು ಕೇಳಿ.

ದೇವದುರ್ಗ ಅಪ್ಪ | ಮೇ 9, ಮಧ್ಯಾಹ್ನ 12:05

ನನ್ನ ಮಗನಿಗೆ 9 ವರ್ಷ. ಫೆನಿಟಾಯಿನ್ ಶುರು ಮಾಡಿ ಇವತ್ತಿಗೆ 12 ದಿನ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಹೊಟ್ಟೆ ಮೇಲೆ ಸಣ್ಣ ದದ್ದು ಕಂಡೆ. ಜ್ವರ ಇಲ್ಲ, ಬಾಯಿ ಚೆನ್ನಾಗಿದೆ, ಆಡುತ್ತಿದ್ದಾನೆ. ಅವಸರ ಇದೆಯಾ?

ಸಿರುಗುಪ್ಪದ ಸಿಸ್ಟರ್ | ಮೇ 9, ಮಧ್ಯಾಹ್ನ 12:11

ಇದೆ ಅಣ್ಣಾ. ಗಾಬರಿ ಬೇಡ, ಆದರೆ ಇವತ್ತೇ ಆಗಬೇಕು. ರಾತ್ರಿ ಗುಳಿಗೆ ಹೊತ್ತಿನ ಒಳಗೆ ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ. ಅವರು ಸಿಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಲ್ಲಿಂದಲೇ ಅವರಿಗೆ ಫೋನ್ ಹಚ್ಚಿಸಿ. ಈಗ ದದ್ದಿನ ಫೋಟೋ ಹೊಡೆದುಕೊಳ್ಳಿ, ಎರಡು ತಾಸು ಬಿಟ್ಟು ಇನ್ನೊಂದು ಹೊಡೆದು ಹೋಲಿಸಿ. ಅಷ್ಟರಲ್ಲಿ ಜ್ವರ ಬಂದರೆ, ಕಣ್ಣು ಉಜ್ಜಿಕೊಳ್ಳತೊಡಗಿದರೆ, ಮುಖ ಊದಿದರೆ ಸೀದಾ ರಿಮ್ಸ್.

ದೇವದುರ್ಗ ಅಪ್ಪ | ಮೇ 9, ಮಧ್ಯಾಹ್ನ 12:20

ಗುಳಿಗೆ ಸ್ಟ್ರಿಪ್, ಚೀಟಿ ತಗೊಂಡಿದ್ದೇವೆ. ಶುರು ಮಾಡಿದ ತಾರೀಖು ಅವನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಬಸ್ ಹತ್ತಿದೆವು.